ಪಾಸ್ ಮಾಡಿಸಬೇಕಾ, ಟ್ಯಾಪ್ ಮಾಡಿದರೆ ಸಾಕಾ? ಹೊರದೇಶದಲ್ಲಿ ಬಸ್ಸು-ರೈಲಿನ ಲೆಕ್ಕ

ಹೊರದೇಶಕ್ಕೆ ಹೊರಟವರು ಮನೆ ಬಾಡಿಗೆ, ಬ್ಯಾಂಕ್ ಖಾತೆ, ಫೋನಿನ ಸಿಮ್ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸಿರುತ್ತಾರೆ. ಬಸ್ಸು-ರೈಲಿನ ವಿಷಯ ಮಾತ್ರ ನೆನಪಾಗುವುದು ಟಿಕೆಟ್ ಯಂತ್ರದ ಮುಂದೆ ನಿಂತಾಗಲೇ. ಹಿಂದೆ ಐದು ಜನ ಕಾಯುತ್ತಿರುತ್ತಾರೆ. ಪರದೆಯ ಮೇಲೆ ಒಂದು ದಿನದ್ದು, ಏಳು ದಿನದ್ದು, ತಿಂಗಳಿನದ್ದು, ಝೋನ್ ಒಂದು, ಝೋನ್ ಎರಡು ಅಂತ ಸಾಲುಸಾಲು. ಗಾಬರಿಯಲ್ಲಿ ಯಾವುದೋ ಒಂದನ್ನು ಒತ್ತಿ ಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಝೋನ್ ಅಂದರೆ ದರದ ಲೆಕ್ಕಕ್ಕಾಗಿ ಊರನ್ನು ಭಾಗ ಮಾಡಿದ ವಲಯ. ಮೊದಲ ವಾರವೇ ಊರಿನ ಎಲ್ಲ ಝೋನ್‌ಗಳಿಗೂ ನಡೆಯುವ ತಿಂಗಳ ಪಾಸ್ ಮಾಡಿಸಿದೆ. ಆಮೇಲೆ ಸಿಕ್ಕ ಕೋಣೆಯಿಂದ ಆಫೀಸಿಗೆ ಇಪ್ಪತ್ತು ನಿಮಿಷದ ನಡಿಗೆ!

ಹೆಸರುಗಳು ನೂರಿದ್ದರೂ ಬಗೆಗಳು ಕೆಲವೇ. ಬಿಡಿ ಟಿಕೆಟ್, ದುಡ್ಡು ತುಂಬಿಸುವ ಕಾರ್ಡ್, ಬ್ಯಾಂಕಿನ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಟ್ಯಾಪ್ ಮಾಡುವುದು, ವಾರದ ಅಥವಾ ತಿಂಗಳ ಪಾಸ್, ವರ್ಷದ ಪಾಸ್. ಕೆಲವು ದೇಶಗಳಲ್ಲಿ ಅರ್ಧ ದರದ ಕಾರ್ಡ್ ಅಂತ ಇನ್ನೊಂದು ಇರುತ್ತದೆ. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಇಲ್ಲ. ನೀವು ತಿಂಗಳಿಗೆ ಎಷ್ಟು ಸಲ ಹತ್ತುತ್ತೀರಿ ಅಂತ ಹೇಳಿದರೆ ಉತ್ತರ ಇದೆ.

ಮೊದಲು ಒಂದು ಭಾಗಾಕಾರ

ತಿಂಗಳ ಪಾಸಿನ ಬೆಲೆಯನ್ನು ಒಂದು ಸಲದ ದರದಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಜಾಸ್ತಿ ಸಲ ಓಡಾಡಿದರೆ ಪಾಸ್ ಲಾಭ, ಕಡಿಮೆಯಾದರೆ ನಷ್ಟ. ಲೆಕ್ಕ ಇಷ್ಟೇ. ಆದರೆ ಆ ಸಂಖ್ಯೆ ಊರಿಂದ ಊರಿಗೆ ಎಷ್ಟು ಬದಲಾಗುತ್ತದೆ ನೋಡಿ.

ದುಬೈಯಲ್ಲಿ ಒಂದೇ ಝೋನಿನ ಒಳಗೆ ಹೋಗಲು ಅಲ್ಲಿನ ದುಡ್ಡು ತುಂಬಿಸುವ ನೋಲ್ ಸಿಲ್ವರ್ ಕಾರ್ಡಿನಲ್ಲಿ 3 ದಿರ್ಹಮ್. 30 ದಿನದ ಪಾಸಿಗೆ 140. ಭಾಗಿಸಿದರೆ ಹತ್ತಿರ ಹತ್ತಿರ 47. ಎರಡಕ್ಕಿಂತ ಹೆಚ್ಚು ಝೋನ್ ದಾಟಿದರೆ ಒಂದು ಸಲಕ್ಕೆ ಏಳೂವರೆ ದಿರ್ಹಮ್, ಪಾಸಿಗೆ 350. ಮತ್ತೆ ಅದೇ 47. ಟೊರಾಂಟೋದಲ್ಲಿ ಪ್ರೆಸ್ಟೋ ಕಾರ್ಡಿನಲ್ಲಿ ಒಂದು ಸಲಕ್ಕೆ 3.30 ಡಾಲರ್, ತಿಂಗಳ ಪಾಸಿಗೆ 156. ಅಲ್ಲೂ 47ರ ಆಸುಪಾಸೇ. ತಿಂಗಳಿಗೆ 22 ದಿನ ಕೆಲಸ ಅಂತ ಇಟ್ಟುಕೊಂಡರೆ ಹೋಗಿ ಬರುವುದು ಸೇರಿ 44 ಸಲ ಆಗುತ್ತದೆ. ಅಂದರೆ ಬರೀ ಆಫೀಸಿಗೆ ಓಡಾಡುವವರಿಗೆ ಈ ಎರಡೂ ಊರುಗಳಲ್ಲಿ ಪಾಸ್ ಸ್ವಲ್ಪದರಲ್ಲಿ ಗಿಟ್ಟುವುದಿಲ್ಲ. ಶನಿವಾರ, ಭಾನುವಾರವೂ ಮನೆಯಲ್ಲಿ ಕೂರದವರಿಗೆ ಗಿಟ್ಟುತ್ತದೆ. ದರ ಇಡುವವರಿಗೂ ಲೆಕ್ಕ ಬರುತ್ತದೆ, ಅಲ್ವಾ?

ಪ್ಯಾರಿಸ್‌ನ ಕಥೆ ಬೇರೆ. 2025ರಲ್ಲಿ ಮೆಟ್ರೋ ಟಿಕೆಟ್ಟಿಗೆ 2.50 ಯೂರೋ, ನಾವಿಗೋ ತಿಂಗಳ ಪಾಸಿಗೆ 88.80. ಭಾಗಿಸಿದರೆ 36. ಅದೇ ವರ್ಷ ಬರ್ಲಿನ್‌ನಲ್ಲಿ ಊರೊಳಗಿನ ಬಿಡಿ ಟಿಕೆಟ್ 3.80 ಯೂರೋ ಇತ್ತು. ಇಡೀ ಜರ್ಮನಿಗೆ ನಡೆಯುವ ತಿಂಗಳ ಪಾಸ್ ‘ಡಾಯ್ಚ್‌ಲ್ಯಾಂಡ್ ಟಿಕೆಟ್’ 58 ಯೂರೋ. ಭಾಗಿಸಿದರೆ ಬರೀ 15 ಚಿಲ್ಲರೆ! ವಾರಕ್ಕೆ ಎರಡು ದಿನ ಮಾತ್ರ ಹೊರಗೆ ಹೋಗುವವರಿಗೂ ಹೆಚ್ಚುಕಡಿಮೆ ಗಿಟ್ಟುತ್ತದೆ. 2026ರಲ್ಲಿ ಇದರ ಬೆಲೆ 63 ಯೂರೋಗೆ ಏರಿದೆ. ಆದರೂ ಲೆಕ್ಕ ತಲೆಕೆಳಗಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ‘ಒಂದು ಸಲ’ ಅಂದರೆ ಏನು ಅಂತ ಪ್ರತಿ ಊರಿಗೂ ಅದರದ್ದೇ ಅರ್ಥ. ಟೊರಾಂಟೋದಲ್ಲಿ ಒಮ್ಮೆ ಟ್ಯಾಪ್ ಮಾಡಿದರೆ ಎರಡು ಗಂಟೆ ಬಸ್ಸು, ಸಬ್‌ವೇ (ಅಲ್ಲಿನ ಮೆಟ್ರೋ) ಬದಲಾಯಿಸುತ್ತಾ ಹೋಗಬಹುದು. ಲಂಡನ್‌ನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಒಂದೇ ದರ. ಸಿಂಗಪುರದಲ್ಲಿ ಬಸ್ಸಿನಿಂದ ಮೆಟ್ರೋಗೆ ಹೋದರೂ ಒಟ್ಟು ದೂರಕ್ಕೆ ಒಂದೇ ಲೆಕ್ಕ. ಪ್ಯಾರಿಸ್‌ನಲ್ಲಿ ಹಾಗಲ್ಲ. ಬಿಡಿ ಟಿಕೆಟ್ಟಿನಲ್ಲಿ ಮೆಟ್ರೋ ಬೇರೆ, ಬಸ್ಸು ಬೇರೆ. ಮನೆಯಿಂದ ಬಸ್ಸು, ಆಮೇಲೆ ಮೆಟ್ರೋ ಅಂತಾದರೆ 2025ರ ದರದಲ್ಲಿ ಒಂದು ಕಡೆಗೆ 4.50 ಯೂರೋ. ಆಗ 36 ಇದ್ದ ಸಂಖ್ಯೆ 20ಕ್ಕೆ ಇಳಿಯುತ್ತದೆ. ಟೋಕಿಯೋದಲ್ಲಿ ಒಂದು ಕಂಪನಿಯ ರೈಲಿನಿಂದ ಇನ್ನೊಂದು ಕಂಪನಿಯ ರೈಲಿಗೆ ದಾಟಿದರೆ ಅಲ್ಲಿಂದ ಹೊಸ ದರ ಶುರು. ಮನೆ ಹುಡುಕುವಾಗ ‘ನಿಲ್ದಾಣಕ್ಕೆ ಐದು ನಿಮಿಷ’ ಅಂತ ಹೇಳುತ್ತಾರಲ್ಲ, ಯಾವ ಕಂಪನಿಯ ನಿಲ್ದಾಣ ಅಂತಲೂ ಕೇಳಿ.

ದುಡ್ಡಿನ ಜೊತೆಗೆ ನೋಡಬೇಕಾದ್ದು

ಎರಡನೆಯ ಪ್ರಶ್ನೆ, ದುಡ್ಡು ಯಾರದ್ದು? ಇದನ್ನು ಕೇಳಲು ತುಂಬಾ ಜನ ಸಂಕೋಚ ಪಡುತ್ತಾರೆ. ಪಡಬೇಡಿ. ಫ್ರಾನ್ಸಿನಲ್ಲಿ ನೌಕರರ ಪಾಸಿನ ಖರ್ಚಿನಲ್ಲಿ ಕನಿಷ್ಠ ಅರ್ಧವನ್ನು ಕೆಲಸ ಕೊಟ್ಟವರು ಭರಿಸಬೇಕು ಅಂತ ಕಾನೂನೇ ಇದೆ. ಹಾಗಾದರೆ ಪ್ಯಾರಿಸ್‌ನ 36 ನಿಮ್ಮ ಪಾಲಿಗೆ 18. ಜರ್ಮನಿಯಲ್ಲಿ ಡಾಯ್ಚ್‌ಲ್ಯಾಂಡ್ ಟಿಕೆಟ್ಟಿನ ಬೆಲೆಯಲ್ಲಿ ಕಂಪನಿ ಕನಿಷ್ಠ ಶೇಕಡಾ 25 ಭರಿಸಿದರೆ ಇನ್ನೂ ಶೇಕಡಾ 5 ರಿಯಾಯಿತಿ ಸಿಗುತ್ತದೆ. ಜಪಾನಿನಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವ ಖರ್ಚನ್ನು ಕಂಪನಿ ಕೊಡುವುದು ವಾಡಿಕೆ. ಕೆಲಸಕ್ಕೆ ಸೇರುವಾಗ ಸಂಬಳದ ಪತ್ರವನ್ನು ಎರಡು ಸಲ ಓದುತ್ತೀರಿ. ಅದರಲ್ಲೇ ಈ ಸಾಲನ್ನೂ ಹುಡುಕಿ.

ಮೂರನೆಯದು, ಎಷ್ಟು ದಿನ ಇರುತ್ತೀರಿ, ಅದೇ ಮನೆಯಲ್ಲಿ ಇರುತ್ತೀರಾ ಅನ್ನುವುದು. ಮೊದಲ ಮೂರು ತಿಂಗಳಲ್ಲಿ ಮನೆ ಬದಲಾಯಿಸುವವರು ಬೇಕಾದಷ್ಟು ಜನ. ಝೋನ್ ಆಧಾರದ ಪಾಸ್ ಆಗ ಸುಮ್ನೆ ಕೈಯಲ್ಲಿ ಉಳಿಯುತ್ತದೆ.

ನಾಲ್ಕನೆಯದು, ಯಾವ ಹೊತ್ತಿಗೆ ಹೊರಡುತ್ತೀರಿ? ಲಂಡನ್ ಟ್ಯೂಬ್‌ನಲ್ಲಿ, ಅಂದರೆ ಅಲ್ಲಿನ ಮೆಟ್ರೋದಲ್ಲಿ, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7 ದುಬಾರಿ ಹೊತ್ತು. ಹತ್ತು ಗಂಟೆಗೆ ಆಫೀಸಿಗೆ ಹೋಗಬಹುದಾದವರಿಗೆ ಬಿಡಿ ಪ್ರಯಾಣವೇ ಅಗ್ಗವಾಗಿ, ಪಾಸ್ ಬೇಡ ಅನ್ನಿಸಬಹುದು.

ಕೊನೆಯದು, ಗೇಟ್ ಇದೆಯೋ ಇಲ್ಲವೋ. ಗೇಟ್ ಇರುವ ಊರಲ್ಲಿ ತಪ್ಪು ಮಾಡಿದರೆ ಗೇಟೇ ತಡೆಯುತ್ತದೆ. ಇಲ್ಲದ ಊರಲ್ಲಿ ತಪ್ಪು ತಿಳಿಯುವುದು ತಪಾಸಣೆಯವರು ಬಂದಾಗ. ಮರೆವಿನ ಸ್ವಭಾವದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಯಾಕೆ ಅಂತ ಈಗ ಹೇಳುತ್ತೇನೆ.

ಬಿಡಿ ಟಿಕೆಟ್

ಜರ್ಮನಿಯ ಒಂದು ಊರಿನಲ್ಲಿ ನಾನು ಯಂತ್ರದಿಂದ ಟಿಕೆಟ್ ತೆಗೆದುಕೊಂಡು, ರೈಲು ಹತ್ತಿ, ಕಿಟಕಿ ಪಕ್ಕ ಕೂತಿದ್ದೆ. ಸಾಮಾನ್ಯ ಬಟ್ಟೆ ಹಾಕಿದ್ದ ಇಬ್ಬರು ಎದ್ದು ನಿಂತು ಗುರುತಿನ ಚೀಟಿ ತೋರಿಸಿದರು. ನಾನು ಧೈರ್ಯವಾಗಿ ಟಿಕೆಟ್ ಕೊಟ್ಟೆ. ಅದಕ್ಕೆ ಮುದ್ರೆ ಬಿದ್ದಿರಲಿಲ್ಲ. ಪ್ಲಾಟ್‌ಫಾರ್ಮ್ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಅದರೊಳಗೆ ತೂರಿಸಿದರೆ ಮಾತ್ರ ಟಿಕೆಟ್ ಟಿಕೆಟ್ಟಾಗುತ್ತದೆ. ನನಗೆ ಗೊತ್ತಿರಲಿಲ್ಲ ಅಂದೆ. ‘ಈಗ ಗೊತ್ತಾಯಿತಲ್ಲ’ ಅಂದರು. 60 ಯೂರೋ. ಆ ದುಡ್ಡಿಗೆ ಒಂದು ತಿಂಗಳು ಇಡೀ ದೇಶ ಸುತ್ತಬಹುದಿತ್ತು.

ಬಿಡಿ ಟಿಕೆಟ್ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ಎಷ್ಟೋ ಕಡೆ ಅದೂ ಸಿಗುವುದಿಲ್ಲ. ಲಂಡನ್ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಾರೆ. ತಿಂಗಳಿಗೆ ನಾಲ್ಕೈದು ಸಲ ಮಾತ್ರ ಬಸ್ಸು ಹತ್ತುವವರು, ಸೈಕಲ್‌ನಲ್ಲೋ ಕಾಲ್ನಡಿಗೆಯಲ್ಲೋ ಓಡಾಡುವವರು ಇದನ್ನು ಇಟ್ಟುಕೊಳ್ಳಲಿ. ಉಳಿದವರಿಗೆ ಬೇಡ.

ದುಡ್ಡು ತುಂಬಿಸುವ ಕಾರ್ಡ್

ಹಾಂಗ್‌ಕಾಂಗ್‌ನ ಆಕ್ಟೋಪಸ್ 1997ರದ್ದು, ಜಪಾನಿನ ಸುಯಿಕಾ 2001ರದ್ದು, ಲಂಡನ್‌ನ ಆಯ್ಸ್ಟರ್ 2003ರದ್ದು. ಹಳೆಯದಾಯಿತು ಅಂತ ಇವನ್ನು ತಳ್ಳಿಹಾಕುವವರಿದ್ದಾರೆ. ನಾನು ಹಾಗನ್ನುವುದಿಲ್ಲ. ಬಂದ ಹೊಸತರಲ್ಲಿ ಸ್ಥಳೀಯ ಬ್ಯಾಂಕ್ ಖಾತೆ ಇರುವುದಿಲ್ಲ. ಆಗ ನಗದು ಕೊಟ್ಟು ತುಂಬಿಸಬಹುದಾದ ಕಾರ್ಡೇ ಗತಿ. ತಿಂಗಳಿಗೆ ಇಷ್ಟೇ ಖರ್ಚು ಅಂತ ಹಿಡಿತದಲ್ಲಿರುವ ವಿದ್ಯಾರ್ಥಿಗಳಿಗೂ ಇದು ಒಳ್ಳೆಯದು. ತುಂಬಿಸಿದ್ದು ಖಾಲಿಯಾದಾಗ ಕಣ್ಣಿಗೆ ಕಾಣುತ್ತದೆ. ಮಕ್ಕಳಿಗೆ, ವಿದ್ಯಾರ್ಥಿಗಳಿಗೆ ಸಿಗುವ ರಿಯಾಯಿತಿಯೂ ಹೆಚ್ಚಾಗಿ ಇಂಥ ಕಾರ್ಡಿನಲ್ಲೇ ಕೂರುತ್ತದೆ. ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದರೆ ಸಾಮಾನ್ಯವಾಗಿ ದೊಡ್ಡವರ ಪೂರ್ತಿ ದರ ಬೀಳುತ್ತದೆ.

ತೊಂದರೆ ಎರಡು. ಊರು ಬಿಡುವಾಗ ಉಳಿದ ದುಡ್ಡು ಒಳಗೇ ಸಿಕ್ಕಿಹಾಕಿಕೊಳ್ಳಬಹುದು. ಕಾರ್ಡಿನ ಬೆಲೆಯಲ್ಲೂ ವ್ಯತ್ಯಾಸ ಇದೆ. ಸುಯಿಕಾದ 500 ಯೆನ್ ಠೇವಣಿ ಕಾರ್ಡ್ ಹಿಂದಿರುಗಿಸಿದರೆ ವಾಪಸ್ ಸಿಗುತ್ತದೆ. ಆಯ್ಸ್ಟರ್ ಕಾರ್ಡಿಗೆ ಈಗ ಕೊಡುವ ಬೆಲೆ ವಾಪಸ್ ಬರುವುದಿಲ್ಲ. ಇನ್ನೊಂದು, ಕಳೆದುಹೋದರೆ? ಹೆಸರು ನೋಂದಾಯಿಸಿದ ಕಾರ್ಡಾದರೆ ಒಳಗಿನ ದುಡ್ಡನ್ನು ಉಳಿಸಿಕೊಳ್ಳಬಹುದು. ನೋಂದಾಯಿಸದ ಸುಯಿಕಾ ಕಳೆದರೆ ದುಡ್ಡೂ ಹೋದ ಹಾಗೇ. ಕಾರ್ಡ್ ತೆಗೆದುಕೊಂಡ ದಿನವೇ ಹೆಸರು ನೋಂದಾಯಿಸುವುದಕ್ಕೆ ಹತ್ತು ನಿಮಿಷ ಸಾಕು.

ಬ್ಯಾಂಕ್ ಕಾರ್ಡ್ ಟ್ಯಾಪ್

ನನ್ನ ಮಟ್ಟಿಗೆ, ಸೌಲಭ್ಯ ಇರುವ ಊರಲ್ಲಿ ಮೊದಲ ತಿಂಗಳಿಗೆ ಇದೇ ಸರಿ. ಕಾರಣ ಅನುಕೂಲ ಮಾತ್ರ ಅಲ್ಲ. ಇದರ ಹಿಂದೆ ‘ಗರಿಷ್ಠ ಮಿತಿ’ ಅನ್ನುವ ಏರ್ಪಾಡು ಇದ್ದರೆ, ಪಾಸ್ ಮಾಡಿಸಬೇಕಾ ಬೇಡವಾ ಅನ್ನುವ ಜೂಜೇ ಇರುವುದಿಲ್ಲ.

ಲಂಡನ್‌ನಲ್ಲಿ 2012ರ ಕೊನೆಗೆ ಬಸ್ಸುಗಳಲ್ಲಿ, 2014ರಲ್ಲಿ ಟ್ಯೂಬ್‌ನಲ್ಲಿ ಬ್ಯಾಂಕ್ ಕಾರ್ಡ್ ಟ್ಯಾಪ್ ಶುರುವಾಯಿತು. ದಿನಕ್ಕೊಂದು ಮಿತಿ, ಸೋಮವಾರದಿಂದ ಭಾನುವಾರದವರೆಗಿನ ವಾರಕ್ಕೊಂದು ಮಿತಿ. ಅದನ್ನು ದಾಟಿದ ಮೇಲೆ ಎಷ್ಟು ಓಡಾಡಿದರೂ ದುಡ್ಡು ಕಟ್ ಆಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ 2026ರ ಜನವರಿಯಿಂದ ಸಬ್‌ವೇ, ಸಾಮಾನ್ಯ ಬಸ್ಸಿಗೆ ಒಂದು ಸಲಕ್ಕೆ 3 ಡಾಲರ್, ಏಳು ದಿನಕ್ಕೆ 35 ಡಾಲರ್ ಮಿತಿ. ಆ ಏಳು ದಿನ ನಿಮ್ಮ ಮೊದಲ ಟ್ಯಾಪ್‌ನಿಂದ ಲೆಕ್ಕ. ಹಳೆಯ ಮೆಟ್ರೋಕಾರ್ಡ್ ಮಾರಾಟ 2025ರ ಕೊನೆಗೆ ನಿಂತಿತು, ಅದರ ಜೊತೆ 30 ದಿನದ ಪಾಸ್ ಕೂಡ ಹೋಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ 2023ರಿಂದ ದೇಶದ ಎಲ್ಲ ಬಸ್ಸು, ಟ್ರಾಮ್, ರೈಲಿನಲ್ಲೂ ಬ್ಯಾಂಕ್ ಕಾರ್ಡ್ ಟ್ಯಾಪ್ ನಡೆಯುತ್ತದೆ.

ಎಡವುವ ಜಾಗಗಳೂ ಇವೆ. ಬೆಳಿಗ್ಗೆ ಫೋನಿನಲ್ಲಿ, ಸಂಜೆ ಪ್ಲಾಸ್ಟಿಕ್ ಕಾರ್ಡಿನಲ್ಲಿ ಟ್ಯಾಪ್ ಮಾಡಿದರೆ, ಖಾತೆ ಒಂದೇ ಆದರೂ ವ್ಯವಸ್ಥೆಯ ಕಣ್ಣಿಗೆ ನೀವು ಇಬ್ಬರು ಬೇರೆ ಬೇರೆ ಜನ. ಮಿತಿ ಮುಟ್ಟುವುದೇ ಇಲ್ಲ. ಒಂದನ್ನೇ ಹಿಡಿದುಕೊಳ್ಳಿ. ಇಳಿಯುವಾಗಲೂ ಟ್ಯಾಪ್ ಮಾಡಬೇಕಾದ ಕಡೆ ಮರೆತರೆ ದಂಡವೇ. ಲಂಡನ್ ಟ್ಯೂಬ್‌ನಲ್ಲಿ ಗರಿಷ್ಠ ದರ ಬೀಳುತ್ತದೆ, ಡಚ್ ರೈಲಿನಲ್ಲಿ 20 ಯೂರೋ ಹಿಡಿದುಕೊಳ್ಳುತ್ತಾರೆ. ಹಾಗಂತ ಲಂಡನ್ ಬಸ್ಸಿನಲ್ಲಿ ಇಳಿಯುವಾಗ ಟ್ಯಾಪ್ ಬೇಕಿಲ್ಲ. ಮೂರನೆಯದು, ನಿಮ್ಮ ಸ್ವಂತ ದೇಶದ ಬ್ಯಾಂಕ್ ಕಾರ್ಡ್ ಬಳಸಿದರೆ ಪ್ರತಿ ವಹಿವಾಟಿಗೂ ವಿದೇಶಿ ವಿನಿಮಯ ಶುಲ್ಕ ಬೀಳಬಹುದು. ಒಂದೆರಡು ವಾರಕ್ಕೆ ಪರವಾಗಿಲ್ಲ. ವರ್ಷವಿಡೀ ಹಾಗೆ ಮಾಡಿದರೆ ರಿಯಾಯಿತಿಯನ್ನೆಲ್ಲ ಬ್ಯಾಂಕೇ ತಿಂದು ಹಾಕುತ್ತದೆ.

ವಾರದ ಪಾಸ್, ತಿಂಗಳ ಪಾಸ್

ಇಲ್ಲಿ ಬೆಲೆಗಿಂತ ಕ್ಯಾಲೆಂಡರ್ ಮುಖ್ಯ. ಪ್ಯಾರಿಸ್‌ನ ನಾವಿಗೋ ವಾರದ ಪಾಸ್ ನೀವು ಕೊಂಡ ದಿನದಿಂದ ಏಳು ದಿನ ಅಲ್ಲ. ಸೋಮವಾರದಿಂದ ಭಾನುವಾರ. ಆ ವಾರದ್ದನ್ನು ಗುರುವಾರದವರೆಗೂ ಮಾರುತ್ತಾರೆ. ಗುರುವಾರ ಕೊಂಡರೆ ನಾಲ್ಕೇ ದಿನ ಸಿಕ್ಕಿತು. ತಿಂಗಳಿನದೂ ಒಂದನೇ ತಾರೀಖಿನಿಂದ ಕೊನೆಯ ತಾರೀಖಿನವರೆಗೆ. 18ಕ್ಕೆ ಊರಿಗೆ ಬಂದಿಳಿದವರು ಉಳಿದ ದಿನಗಳನ್ನು ಬಿಡಿಯಾಗಿ ಓಡಾಡಿ, ಒಂದನೇ ತಾರೀಖಿಗೆ ಪಾಸ್ ಮಾಡಿಸುವುದು ಜಾಣತನ. ಲಂಡನ್‌ನ ಏಳು ದಿನದ ಟ್ರಾವೆಲ್‌ಕಾರ್ಡ್ ಮಾತ್ರ ಯಾವ ದಿನ ಬೇಕಾದರೂ ಶುರುವಾಗುತ್ತದೆ. ಬುಧವಾರ ಬಂದು ಮುಂದಿನ ಮಂಗಳವಾರ ಹೊರಡುವವರಿಗೆ ಸೋಮವಾರಕ್ಕೆ ಶುರುವಾಗುವ ವಾರದ ಮಿತಿಗಿಂತ ಇದು ವಾಸಿ.

ಡಾಯ್ಚ್‌ಲ್ಯಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. ದೇಶದ ಯಾವ ಊರಿನ ಬಸ್ಸು, ಟ್ರಾಮ್, ಮೆಟ್ರೋ, ಪ್ರಾದೇಶಿಕ ರೈಲಾದರೂ ಸರಿ. ದೂರದ ಐಸಿಇ, ಐಸಿ ರೈಲಿಗೆ ಮಾತ್ರ ನಡೆಯುವುದಿಲ್ಲ. ಝೋನಿನ ತಲೆನೋವೇ ಇಲ್ಲವಲ್ಲ, ನನಗೆ ಅದೇ ಅದರ ದೊಡ್ಡ ಗುಣ. ಆದರೆ ಅದು ಚಂದಾ. ನೀವು ನಿಲ್ಲಿಸುವ ತನಕ ತಿಂಗಳು ತಿಂಗಳು ದುಡ್ಡು ಕಟ್ ಆಗುತ್ತಲೇ ಇರುತ್ತದೆ. ಈ ತಿಂಗಳ ಕೊನೆಗೆ ಸಾಕು ಅಂದರೆ 10ನೇ ತಾರೀಖಿನೊಳಗೆ ಹೇಳಬೇಕು. 11ಕ್ಕೆ ನೆನಪಾದರೆ ಇನ್ನೊಂದು ತಿಂಗಳಿನದೂ ಹೋಯಿತು. ರಜೆಗೆ ಊರಿಗೆ ಹೊರಡುವವರು ಫೋನಿನಲ್ಲಿ 8ನೇ ತಾರೀಖಿಗೇ ಒಂದು ನೆನಪಿನ ಗಂಟೆ ಇಟ್ಟುಕೊಳ್ಳಿ.

ಜಪಾನಿನ ‘ತೇಕಿ’ ಪಾಸಿನ ಜಾಯಮಾನವೇ ಬೇರೆ. ಅದು ಊರಿಗಲ್ಲ, ದಾರಿಗೆ. ಮನೆಯ ನಿಲ್ದಾಣದಿಂದ ಕೆಲಸದ ನಿಲ್ದಾಣಕ್ಕೆ ಅಂತ ಬರೆಸಬೇಕು. ಒಂದು, ಮೂರು, ಆರು ತಿಂಗಳಿಗೆ ಸಿಗುತ್ತದೆ, ಆರಕ್ಕೆ ಅಗ್ಗ. ನಡುವಿನ ಯಾವ ನಿಲ್ದಾಣದಲ್ಲಿ ಇಳಿದು ಹತ್ತಿದರೂ ಪುಕ್ಕಟೆ. ಹಾಗಾಗಿ ದೊಡ್ಡ ಪೇಟೆಯೊಂದು ನಡುವೆ ಸಿಗುವ ಹಾಗೆ ಮನೆ ಹುಡುಕುವವರೂ ಇದ್ದಾರೆ. ಅಂದಹಾಗೆ, ಪ್ರವಾಸಿಗಳ ಜಪಾನ್ ರೈಲ್ ಪಾಸ್ ಅಲ್ಲಿ ಕೆಲಸಕ್ಕೋ ಓದಿಗೋ ನೆಲೆಸಿರುವ ವಿದೇಶಿಯರಿಗೆ ಸಿಗುವುದಿಲ್ಲ. ತಾತ್ಕಾಲಿಕ ಭೇಟಿಯ ವೀಸಾದವರಿಗೆ ಮಾತ್ರ.

ವರ್ಷದ ಪಾಸ್, ಅರ್ಧ ದರದ ಕಾರ್ಡ್

ಲಂಡನ್‌ನಲ್ಲಿ ವರ್ಷದ ಟ್ರಾವೆಲ್‌ಕಾರ್ಡಿಗೆ ಹತ್ತೂವರೆ ತಿಂಗಳ ದುಡ್ಡು, ಪ್ಯಾರಿಸ್‌ನಲ್ಲಿ ಹನ್ನೊಂದು ತಿಂಗಳ ದುಡ್ಡು. ವಿಯೆನ್ನಾದಲ್ಲಿ 2012ರಿಂದ 2025ರವರೆಗೂ ವರ್ಷಕ್ಕೆ 365 ಯೂರೋ, ಅಂದರೆ ದಿನಕ್ಕೊಂದು ಯೂರೋ ಇತ್ತು. 2026ರಿಂದ ಏರಿಸಿದ್ದಾರೆ. ಆಸೆ ಹುಟ್ಟಿಸುವ ಲೆಕ್ಕವೇ. ಆದರೆ ಮನೆ ಗಟ್ಟಿಯಾಗುವ ಮೊದಲೇ ವರ್ಷದ ಪಾಸ್ ತೆಗೆಯುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅರ್ಧದಲ್ಲಿ ಹಿಂದಿರುಗಿಸಿದರೆ ಉಳಿದ ತಿಂಗಳುಗಳ ದುಡ್ಡು ಹಾಗೇ ಕೈಗೆ ಬರುವುದಿಲ್ಲ. ಬಳಸಿದ ತಿಂಗಳುಗಳನ್ನು ತಿಂಗಳ ಪಾಸಿನ ದುಬಾರಿ ದರದಲ್ಲಿ ಕಳೆದು ಮಿಕ್ಕಿದ್ದನ್ನು ಕೊಡುತ್ತಾರೆ. ಲಂಡನ್‌ನಲ್ಲಿ ಹತ್ತೂವರೆ ತಿಂಗಳಾದ ಮೇಲೆ ಹೋದರೆ ಬರುವುದು ಸೊನ್ನೆ. ನಾನಾದರೆ ಎರಡನೇ ವರ್ಷಕ್ಕೆ ಮಾತ್ರ ಇದರ ಮಾತೆತ್ತುತ್ತೇನೆ.

ಸ್ವಿಟ್ಜರ್‌ಲ್ಯಾಂಡ್‌ನ ಅರ್ಧ ದರದ ಕಾರ್ಡ್ ಹಾಗಲ್ಲ. 2025ರಲ್ಲಿ ವರ್ಷಕ್ಕೆ 190 ಫ್ರಾಂಕ್. ಆಮೇಲೆ ಹೆಚ್ಚಿನ ರೈಲು, ಬಸ್ಸು, ದೋಣಿಗಳಿಗೆ ಅರ್ಧ ಟಿಕೆಟ್. ಪೂರ್ತಿ ದರದಲ್ಲಿ ವರ್ಷಕ್ಕೆ 380 ಫ್ರಾಂಕಿಗಿಂತ ಜಾಸ್ತಿ ಓಡಾಡುವವರಿಗೆ ಲಾಭ. ಆ ದೇಶದ ರೈಲು ದರ ನೋಡಿದರೆ 380 ಆಗುವುದು ಕಷ್ಟವೇನಲ್ಲ. ದಿನಾ ಅಲ್ಲದಿದ್ದರೂ ಆಗಾಗ ದೂರ ಹೋಗುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಬ್ರಿಟನ್‌ನ ರೈಲ್‌ಕಾರ್ಡುಗಳೂ ಇದೇ ಜಾತಿ. ಅಲ್ಲಿ ರಿಯಾಯಿತಿ ಮೂರನೇ ಒಂದು ಭಾಗ.

ಇನ್ನು ಲೆಕ್ಕವೇ ಬೇಡದ ಊರುಗಳು. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಮೊದಲ ದರ್ಜೆ ಬಿಟ್ಟು ಎಲ್ಲ ಪುಕ್ಕಟೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2024ರ ಆಗಸ್ಟ್‌ನಿಂದ ಒಂದು ಸಲಕ್ಕೆ 50 ಸೆಂಟ್. ಅಲ್ಲಿರುವವರು ಈ ಬರಹವನ್ನು ಇಲ್ಲಿಗೇ ಬಿಡಬಹುದು!

ಯಾರಿಗೆ ಯಾವುದು

ಓದಲು ಹೋಗುವವರು ಮೊದಲು ವಿಶ್ವವಿದ್ಯಾಲಯದ ಶುಲ್ಕದ ಪಟ್ಟಿ ನೋಡಿ. ಜರ್ಮನಿಯ ಬಹಳಷ್ಟು ಕಡೆ ಸೆಮಿಸ್ಟರ್ ಶುಲ್ಕದಲ್ಲೇ ಪ್ರಯಾಣದ ಟಿಕೆಟ್ ಸೇರಿರುತ್ತದೆ. ಅದು ಗೊತ್ತಿಲ್ಲದೆ ಇನ್ನೊಂದು ಕೊಂಡವರನ್ನು ನೋಡಿದ್ದೇನೆ. ಲಂಡನ್‌ನ ವಿದ್ಯಾರ್ಥಿ ಆಯ್ಸ್ಟರ್‌ನಲ್ಲಿ ಶೇಕಡಾ 30 ರಿಯಾಯಿತಿ ಇದೆ. ಆದರೆ ಅದು ಪಾಸಿಗೆ, ಬಿಡಿ ಪ್ರಯಾಣಕ್ಕಲ್ಲ. ವಾರಕ್ಕೆ ಎರಡೇ ದಿನ ತರಗತಿ ಇದ್ದರೆ ಆ ಕಾರ್ಡಿನಿಂದ ಉಪಯೋಗ ಕಡಿಮೆ.

ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ ಕೆಲಸ ಅನ್ನುವವರು ತಿಂಗಳಿಗೆ 26 ಸಲ ಓಡಾಡುತ್ತಾರೆ. ಬರ್ಲಿನ್‌ನಲ್ಲಿ ಕಣ್ಣುಮುಚ್ಚಿ ಪಾಸ್ ತೆಗೆಯಬಹುದು. ದುಬೈ, ಟೊರಾಂಟೋದಲ್ಲಿ ಬೇಡ. ಪ್ಯಾರಿಸ್‌ನಲ್ಲಿ ಕಂಪನಿ ಅರ್ಧ ಕೊಡುವುದಾದರೆ ಮಾತ್ರ, ಇಲ್ಲವೇ ಬಸ್ಸು-ಮೆಟ್ರೋ ಎರಡೂ ಬೇಕಾದರೆ. ಲಂಡನ್, ನ್ಯೂಯಾರ್ಕ್‌ನಲ್ಲಿ ಟ್ಯಾಪ್ ಮಾಡುತ್ತಾ ಹೋಗಿ, ಮಿತಿ ತನ್ನ ಕೆಲಸ ತಾನು ಮಾಡುತ್ತದೆ.

ಮಕ್ಕಳಿರುವವರು ವಯಸ್ಸಿನ ಮಿತಿ ವಿಚಾರಿಸದೆ ಟಿಕೆಟ್ ಕೊಳ್ಳಬೇಡಿ. ಲಂಡನ್‌ನಲ್ಲಿ 11 ತುಂಬದ ಮಕ್ಕಳು ಟಿಕೆಟ್ ಇರುವ ದೊಡ್ಡವರ ಜೊತೆ ಟ್ಯೂಬ್‌ನಲ್ಲಿ ಪುಕ್ಕಟೆ, ಒಬ್ಬರ ಜೊತೆ ನಾಲ್ಕು ಮಕ್ಕಳವರೆಗೆ. ಜರ್ಮನಿಯಲ್ಲಿ ಆರು ತುಂಬದವರು ಪುಕ್ಕಟೆ, ಪ್ಯಾರಿಸ್‌ನಲ್ಲಿ ನಾಲ್ಕು ತುಂಬದವರು.

ನೋಡಿಕೊಂಡು ಹೋಗಲು ಬಂದ ಅಪ್ಪ-ಅಮ್ಮನಿಗೆ ದುಡ್ಡು ತುಂಬಿಸುವ ಕಾರ್ಡೇ ವಾಸಿ, ಒಬ್ಬೊಬ್ಬರಿಗೂ ಬೇರೆ ಬೇರೆ. ಲಂಡನ್‌ನಲ್ಲಿ ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ಅಲ್ಲಿ 60 ದಾಟಿದವರಿಗೆ ಪುಕ್ಕಟೆ ಪ್ರಯಾಣ ಇದೆ ಅಂತ ಯಾರಾದರೂ ಹೇಳಿದರೆ ನಿಜವೇ, ಆದರೆ ಆ ಊರಲ್ಲೇ ನೆಲೆಸಿದವರಿಗೆ ಮಾತ್ರ. ಅಪ್ಪ-ಅಮ್ಮನ ಕೈಗೆ ಕಾರ್ಡ್ ಕೊಟ್ಟು, ಹತ್ತುವಾಗ ಟ್ಯಾಪ್, ಇಳಿಯುವಾಗ ಟ್ಯಾಪ್, ಬಸ್ಸಲ್ಲಿ ಮಾತ್ರ ಒಂದೇ ಟ್ಯಾಪ್ ಅಂತ ಪಾಠ ಮಾಡುವುದಕ್ಕಿಂತ ಮೊದಲ ಮೂರು ದಿನ ಜೊತೆಗೆ ಹೋಗಿಬನ್ನಿ.

ರಾತ್ರಿ ಪಾಳಿಯವರ ಲೆಕ್ಕದಲ್ಲಿ ಬೆಲೆ ಎರಡನೆಯದು. ನ್ಯೂಯಾರ್ಕ್ ಸಬ್‌ವೇ ಇಪ್ಪತ್ನಾಲ್ಕು ಗಂಟೆಯೂ ಓಡುತ್ತದೆ. ಟೋಕಿಯೋದಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಕೊನೆಯ ರೈಲುಗಳು ಹೋಗಿಬಿಡುತ್ತವೆ. ಲಂಡನ್‌ನಲ್ಲಿ ರಾತ್ರಿಯಿಡೀ ಟ್ಯೂಬ್ ಸಿಗುವುದು ಶುಕ್ರವಾರ, ಶನಿವಾರ, ಅದೂ ಐದು ಮಾರ್ಗಗಳಲ್ಲಿ. ಉಳಿದ ದಿನ ರಾತ್ರಿ ಬಸ್ಸು. ಪಾಸ್ ಕೈಯಲ್ಲಿದ್ದೂ ವಾರಕ್ಕೆ ಎರಡು ಸಲ ಟ್ಯಾಕ್ಸಿ ಹಿಡಿದರೆ ಆ ಪಾಸಿನ ಅರ್ಥವೇನು? ಮನೆಗೆ ಮುಂಗಡ ಕೊಡುವ ಮುಂಚೆ, ನಿಮ್ಮ ಪಾಳಿ ಮುಗಿಯುವ ಹೊತ್ತಿಗೇ ಆಫೀಸಿನ ಬಾಗಿಲಿಂದ ಆ ಮನೆಯ ಬಾಗಿಲಿನ ತನಕ ಒಂದು ಸಲ ಹೋಗಿ ನೋಡಿ. ಅವತ್ತಿಗೆ ಬಿಡಿ ಟಿಕೆಟ್ ಸಾಕು. ಮುದ್ರೆ ಹಾಕಿಸುವುದನ್ನು ಮರೆಯಬೇಡಿ.